ಪುಷ್ಯ ಮಳೆಯಲ್ಲಿ ಹದಿನೆಂಟು ಕೆಜಿ ಬಟ್ಟೆ

ಭಾನುವಾರ ಹನ್ನೊಂದು ಗಂಟೆಗೆ ಕೊನೆಯ ಕಾರು ತೋಟದ ಗೇಟು ದಾಟಿದ ಮೇಲೆ ಹೋಂಸ್ಟೇಯವರ ನಿಜವಾದ ಕೆಲಸ ಶುರು. ಐದು ಕೋಣೆ ಎಂದಿಟ್ಟುಕೊಳ್ಳಿ. ಒಂದು ಡಬಲ್ ಬೆಡ್‌ಶೀಟ್ ಸುಮಾರು 800 ಗ್ರಾಂ ತೂಗುತ್ತದೆ. ಎರಡು ದಿಂಬಿನ ಕವರ್ 300 ಗ್ರಾಂ, ರಜಾಯಿಯ ಕವರ್ ಒಂದೂವರೆ ಕೆಜಿ, ಎರಡು ದಪ್ಪ ಸ್ನಾನದ ಟವೆಲ್ ಸೇರಿ ಇನ್ನೊಂದು ಕೆಜಿ. ಕೋಣೆಗೆ 3.6 ಕೆಜಿ ಆಯಿತು, ಐದಕ್ಕೆ 18. ಬೆಂಗಳೂರಿನಿಂದ ಬಂದ ಗುಂಪು ಹೆಚ್ಚುವರಿ ಹಾಸಿಗೆ ಹಾಕಿಸಿಕೊಂಡು, ಝರಿಯಲ್ಲಿ ನೆನೆದು ಬಂದು ಎರಡೆರಡು ಟವೆಲ್ ಬಳಸಿದ್ದರೆ ಅದು 25 ಆಗಲು ಹೊತ್ತು ಬೇಡ. ಹೊರಗೆ ಪುಷ್ಯ ಮಳೆ ಮೂರು ದಿನದಿಂದ ಹಿಡಿದದ್ದು ಬಿಟ್ಟಿಲ್ಲ. ಶುಕ್ರವಾರ ಸಂಜೆಗೆ ಮುಂದಿನ ತಂಡದ ಬುಕಿಂಗ್ ಆಗಿಹೋಗಿದೆ.

ಈ ಶತಮಾನದ ಆರಂಭದಲ್ಲಿ ಕಾಫಿ ಬೆಲೆ ನೆಲ ಕಚ್ಚಿದಾಗ ಕೈಯಾಸರೆಗೆಂದು ಬೆಳೆಗಾರರು ಹಿಡಿದ ದಾರಿಗಳಲ್ಲಿ ಹೋಂಸ್ಟೇಯೂ ಒಂದು. ಈಗ ಚಿಕ್ಕಮಗಳೂರಿನ ಗಿರಿಶ್ರೇಣಿಯಿಂದ ಮೂಡಿಗೆರೆಯ ದೇವರಮನೆ, ಕೊಟ್ಟಿಗೆಹಾರದ ಸುತ್ತಮುತ್ತ ಹಾಯ್ದು ಕಳಸ, ಹೊರನಾಡಿನವರೆಗೆ ಬೋರ್ಡು ಇಲ್ಲದ ತಿರುವೇ ಇಲ್ಲ ಎನ್ನಬೇಕು. ಊಟಕ್ಕೆ ಏನು, ಕ್ಯಾಂಪ್‌ಫೈರ್ ಎಲ್ಲಿ, ಜೀಪು ಯಾರದು ಎಂಬುದನ್ನೆಲ್ಲ ಮೊದಲೇ ಯೋಚಿಸಿದವರೂ ಬಟ್ಟೆಯ ವಿಷಯವನ್ನು ಮೊದಲ ಮಳೆಗಾಲದವರೆಗೆ ಮುಂದೂಡಿರುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: ಮನೆಗೆ ತರುವಂಥದ್ದೇ ಇನ್ನೊಂದು ವಾಷಿಂಗ್ ಮೆಷಿನ್ ತಂದರೆ ಸಾಕೋ, ಹೋಟೆಲಿನವರ ಹಾಗೆ ಕಮರ್ಷಿಯಲ್ ಮೆಷಿನ್ನೇ ಹಾಕಿಸಬೇಕೋ?

ಅಂಗಡಿಯವನು ಈ ಪ್ರಶ್ನೆಗೆ ಕೆಜಿ ಲೆಕ್ಕದಲ್ಲಿ ಉತ್ತರ ಹೇಳುತ್ತಾನೆ. ಬಯಲುಸೀಮೆಗೆ ಆ ಉತ್ತರ ಸರಿ ಹೋದೀತು. ಒಗೆದದ್ದನ್ನು ತಾರಸಿಯ ಹಗ್ಗದ ಮೇಲೆ ಎಸೆದರೆ ಎರಡು ಗಂಟೆಯಲ್ಲಿ ಗರಿಗರಿ ಒಣಗುವ ಊರಲ್ಲಿ ಒಗೆಯುವುದೇ ಕೆಲಸ. ಮಲೆನಾಡಿನಲ್ಲಿ ಆರಿದ್ರೆಯಿಂದ ಆಶ್ಲೇಷದವರೆಗೆ ಒಗೆಯುವುದು ಸಣ್ಣ ಕೆಲಸ, ಒಣಗಿಸುವುದು ದೊಡ್ಡದು. ಇಲ್ಲಿ ಮೊದಲು ಡ್ರೈಯರ್ ಆರಿಸಬೇಕು. ಆಮೇಲೆ ಆ ಡ್ರೈಯರಿಗೆ ಹೊಂದುವಂಥ ಮೆಷಿನ್ ನೋಡಬೇಕು. ನಾನು ಕಂಡ ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿ, ಮೊದಲು ದೊಡ್ಡ ಮೆಷಿನ್ ತಂದು, ಆಮೇಲೆ ಊಟದ ಹಾಲಿನ ತುಂಬ ಹಗ್ಗ ಕಟ್ಟಿಕೊಂಡಿರುತ್ತಾರೆ.

ಮಳೆಗಾಲದಲ್ಲಿ ಬಟ್ಟೆ ಯಾಕೆ ಒಣಗುವುದಿಲ್ಲ ಎಂಬುದಕ್ಕೆ ಬಿಸಿಲಿಲ್ಲ ಎನ್ನುವುದು ಅರ್ಧ ಉತ್ತರ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹೊರಬಲ್ಲದು. ಜುಲೈ ತಿಂಗಳ ಕಳಸದ ಗಾಳಿ ಆ 17 ಗ್ರಾಮನ್ನು ಆಗಲೇ ಹೊತ್ತುಕೊಂಡೇ ಕಿಟಕಿಯಿಂದ ಒಳಗೆ ಬರುತ್ತದೆ. ನಿಮ್ಮ ಬೆಡ್‌ಶೀಟಿನ ನೀರಿಗೆ ಅದರಲ್ಲಿ ಜಾಗವಿಲ್ಲ. ಫ್ಯಾನ್ ಹಾಕಿದರೆ ಒದ್ದೆ ಗಾಳಿಯೇ ಸುತ್ತು ಹೊಡೆಯುತ್ತದೆ, ಅಷ್ಟೆ. ಅದೇ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿ ನೋಡಿ, 51 ಗ್ರಾಂ ಹೊರುವ ಶಕ್ತಿ ಬರುತ್ತದೆ. ನೂರಕ್ಕೆ ನೂರು ಇದ್ದ ತೇವಾಂಶ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ಹಿರಿಯರು ಬಚ್ಚಲುಮನೆಯ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದುದು, ಬಾಣಂತಿಮನೆಯಲ್ಲಿ ಕೆಂಡದ ಮೇಲೆ ಬೆತ್ತದ ಬುಟ್ಟಿ ಬೋರಲು ಹಾಕಿ ಮಗುವಿನ ಬಟ್ಟೆ ಹರಡುತ್ತಿದ್ದುದು ಇದೇ ವಿದ್ಯೆ. ಹೊಗೆ ವಾಸನೆಯ ಟವೆಲನ್ನು ಮನೆಯವರು ಸಹಿಸಿಕೊಂಡಾರು. ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟವರು ಗೂಗಲ್ಲಿನಲ್ಲಿ ಬರೆದು ಹೋಗುತ್ತಾರೆ.

ಹೊಗೆಗಿಂತಲೂ ಮುಗ್ಗಲು ವಾಸನೆ ಹೆಚ್ಚು ಬರೆಸಿಕೊಳ್ಳುತ್ತದೆ. ಒಗೆದು, ಜಾಲಿಸಿ, ಮೂರು ದಿನ ಹಗ್ಗದ ಮೇಲಿಟ್ಟ ಟವೆಲ್ ಮೂಗಿಗೆ ಬಡಿಯುವುದೇಕೆ ಎಂದು ಜಪಾನಿನ ಸಂಶೋಧಕರು ಹುಡುಕಿ, 2012ರಲ್ಲಿ ಮೊರಾಕ್ಸೆಲ್ಲಾ ಒಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದತ್ತ ಬೆರಳು ತೋರಿಸಿದರು. ಸಾಮಾನ್ಯವಾಗಿ ಎಲ್ಲ ಕಡೆ ಇರುವ, ಒಣಗಿದರೂ ಸುಲಭಕ್ಕೆ ಸಾಯದ ಜೀವಿ ಅದು. ಬಟ್ಟೆ ನಿಧಾನವಾಗಿ ಒಣಗಿದಷ್ಟೂ ಅದಕ್ಕೆ ಹಬ್ಬ. ಸೋಪಿನಪುಡಿ ಹೆಚ್ಚು ಸುರಿಯುವುದರಿಂದ, ಕಂಫರ್ಟ್ ಹಾಕುವುದರಿಂದ ಪ್ರಯೋಜನ ಕಡಿಮೆ. ಬಿಸಿನೀರಲ್ಲಿ ಒಗೆದು ಬೇಗ ಒಣಗಿಸುವುದೇ ಮದ್ದು.

ಇನ್ನು ಮೆಷಿನ್ನಿನ ವಿಷಯಕ್ಕೆ ಬರೋಣ. ಬಟ್ಟೆಯಿಂದ ನೀರು ತೆಗೆಯಲು ಎರಡೇ ದಾರಿ, ಹಿಂಡುವುದು ಇಲ್ಲವೇ ಆವಿ ಮಾಡುವುದು. ಹಿಂಡುವುದು ಅಗ್ಗ, ಆವಿ ಮಾಡುವುದು ದುಬಾರಿ. ಒಂದು ಲೀಟರ್ ನೀರನ್ನು ಆವಿ ಮಾಡಲು ಶುದ್ಧ ಲೆಕ್ಕದಲ್ಲೇ ಮುಕ್ಕಾಲು ಯೂನಿಟ್‌ಗೆ ಸಮೀಪದ ವಿದ್ಯುತ್ ಬೇಕು. ಡ್ರೈಯರ್ ಕಳೆದುಕೊಳ್ಳುವ ಶಾಖವೂ ಸೇರಿದರೆ ಒಂದು ಯೂನಿಟ್ ದಾಟುತ್ತದೆ. ಹಾಗಾಗಿ ಮೆಷಿನ್ ಎಷ್ಟು ಗಟ್ಟಿಯಾಗಿ ಹಿಂಡುತ್ತದೆ ಎಂಬುದು ಕರೆಂಟು ಬಿಲ್ಲನ್ನು ನಿರ್ಧರಿಸುತ್ತದೆ. ಇದನ್ನು ಅಳೆಯುವುದು ಕಷ್ಟವಲ್ಲ. ಡ್ರಮ್ಮಿನ ಅರ್ಧವ್ಯಾಸವನ್ನು ಸೆಂಟಿಮೀಟರಿನಲ್ಲಿ ಬರೆದುಕೊಂಡು, ನಿಮಿಷಕ್ಕೆ ಎಷ್ಟು ಸುತ್ತು ಎಂಬ ಸಂಖ್ಯೆಯಿಂದ ಎರಡು ಸಲ ಗುಣಿಸಿ, 90,000ದಿಂದ ಭಾಗಿಸಿ. ಬರುವುದು ಗುರುತ್ವದ ಎಷ್ಟು ಪಟ್ಟು ಬಲದಲ್ಲಿ ಬಟ್ಟೆ ಡ್ರಮ್ಮಿನ ಗೋಡೆಗೆ ಒತ್ತಿಕೊಳ್ಳುತ್ತದೆ ಎಂಬ ಲೆಕ್ಕ.

ಮನೆಬಳಕೆಯ ಫ್ರಂಟ್‌ಲೋಡ್ ಮೆಷಿನ್ನಿನ ಡ್ರಮ್ಮಿನ ಅಡ್ಡಳತೆ 48 ಸೆಂ.ಮೀ. ಆಸುಪಾಸು, ಅಂದರೆ ಅರ್ಧವ್ಯಾಸ 24. 1200 ಸುತ್ತು ತಿರುಗಿದರೆ ಉತ್ತರ 384. ಈಗ ನೆಲಕ್ಕೆ ಬೋಲ್ಟು ಹಾಕಿ ಕೂರಿಸುವ ಅಗ್ಗದ ಕಮರ್ಷಿಯಲ್ ಮೆಷಿನ್ ಒಂದನ್ನು ತೆಗೆದುಕೊಳ್ಳಿ: ಡ್ರಮ್ 70 ಸೆಂ.ಮೀ., ಸುತ್ತು 550. ಉತ್ತರ 118. ನೋಡಲು ಆನೆಯಂತಿರುವ ಮೆಷಿನ್, ಲಕ್ಷಗಳ ಬೆಲೆ, ಹಿಂಡುವುದರಲ್ಲಿ ಮಾತ್ರ ಮನೆಯ ಮೆಷಿನ್ನಿನ ಮೂರನೇ ಒಂದು ಪಾಲು! ಮೊದಲನೆಯದರಿಂದ ಹೊರಬಂದ ಹತ್ತಿ ಬಟ್ಟೆಯಲ್ಲಿ ಅದರ ತೂಕದ ಅರ್ಧದಷ್ಟು ಅಥವಾ ತುಸು ಹೆಚ್ಚು ನೀರು ಉಳಿದಿರುತ್ತದೆ. ಎರಡನೆಯದರಲ್ಲಿ ಎಂಬತ್ತು ಎಂಬತ್ತೈದು ಶೇಕಡಾ. ನಮ್ಮ 18 ಕೆಜಿಗೆ ಲೆಕ್ಕ ಹಾಕಿದರೆ ಒಂದು ಕಡೆ 10 ಲೀಟರ್, ಇನ್ನೊಂದು ಕಡೆ 15. ಆ ಐದು ಲೀಟರ್ ವ್ಯತ್ಯಾಸವನ್ನು ಪ್ರತಿ ವಾರ ಐದಾರು ಯೂನಿಟ್ ಸುಟ್ಟು, ಅಷ್ಟೇ ಹೊತ್ತು ಕಾದು, ಆವಿ ಮಾಡುತ್ತ ಕೂರಬೇಕು.

ಎಲ್ಲ ಕಮರ್ಷಿಯಲ್ ಮೆಷಿನ್ನುಗಳೂ ಹೀಗೇ ಎಂದಲ್ಲ. ಒಳಗೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಇಟ್ಟು ತೂಗುಹಾಕಿದ ಡ್ರಮ್ಮಿನ ಮೆಷಿನ್ನುಗಳಿವೆ. ‘ಸಾಫ್ಟ್ ಮೌಂಟ್’ ಎಂದು ಕೇಳಿದರೆ ತೋರಿಸುತ್ತಾರೆ. ಅವು 300, 400 ಪಟ್ಟು ಬಲದಲ್ಲಿ ಹಿಂಡುತ್ತವೆ, ಅವಕ್ಕೆ ಕಾಂಕ್ರೀಟ್ ಬುನಾದಿಯೂ ಬೇಡ. ಬೆಲೆ ಮಾತ್ರ ಇನ್ನೂ ಮೇಲೆ. ಬೋಲ್ಟ್ ಹಾಕುವ ಬಗೆಯದನ್ನು ಹಲಗೆ ಮಾಳಿಗೆಯ ಹಳೆಯ ಮನೆಯಲ್ಲಿ ಮಹಡಿಯ ಮೇಲೆ ಇಡುವ ಮಾತೇ ಇಲ್ಲ, ನೆಲದ ಮೇಲೆ ಕಾಂಕ್ರೀಟ್ ಹಾಕಿಯೇ ಕೂರಿಸಬೇಕು. ಮತ್ತೆ, ಮುನ್ನೂರು ನಾನೂರು ಕೆಜಿಯ ಕಬ್ಬಿಣವನ್ನು ತೋಟದ ಕೆಸರು ರಸ್ತೆಯಲ್ಲಿ ಮನೆಬಾಗಿಲಿಗೆ ತರುವುದು ಯಾರ ಪಿಕಪ್‌ನಲ್ಲಿ ಎಂಬುದನ್ನು ಮುಂಗಡ ಕೊಡುವ ಮೊದಲೇ ಯೋಚಿಸಿ.

ಹಾಗಾದರೆ ಕಮರ್ಷಿಯಲ್ ಮೆಷಿನ್ನಿಗೆ ಅಷ್ಟು ಹಣ ಕೊಡುವುದು ಯಾವುದಕ್ಕೆ? ಬಾಳಿಕೆಗೆ ಮತ್ತು ವೇಗಕ್ಕೆ. ಮನೆಯ ಮೆಷಿನ್ ಸುಮಾರಾಗಿ ದಿನಕ್ಕೊಂದು ಲೋಡ್ ಎಂಬ ಲೆಕ್ಕದಲ್ಲಿ ಹುಟ್ಟಿದ್ದು. ಅದರ ಹೊರತೊಟ್ಟಿ ಪ್ಲಾಸ್ಟಿಕ್ಕಿನದು. ಎಷ್ಟೋ ಮಾದರಿಗಳಲ್ಲಿ ಎರಡು ಹೋಳುಗಳನ್ನು ಬೆಸೆದುಬಿಟ್ಟಿರುವುದರಿಂದ ಬೇರಿಂಗ್ ಹೋದರೆ ತೊಟ್ಟಿಯನ್ನೇ ಬದಲಿಸಬೇಕು. ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ಕಾಲಿನ ಅಲ್ಯೂಮಿನಿಯಂ ಚೌಕಟ್ಟು ಖಾರವಾದ ಸೋಪು, ಬ್ಲೀಚಿಗೆ ನಿಧಾನವಾಗಿ ತಿನಿಸಿಕೊಳ್ಳುತ್ತದೆ. ಒಂದು ದಿನ ಸ್ಪಿನ್ನಿಗೆ ಹೋದಾಗ ಮೆಷಿನ್ ಒಳಗಿಂದ ಜಲ್ಲಿ ಲಾರಿ ಹೋದಂತೆ ಸದ್ದು ಬರುತ್ತದೆ, ಅಲ್ಲಿಗೆ ಅದರ ಕತೆ ಮುಗಿಯಿತು. ಕಮರ್ಷಿಯಲ್ಲಿನಲ್ಲಿ ತೊಟ್ಟಿ ಸ್ಟೀಲಿನದು, ಬೇರಿಂಗ್ ಬಿಚ್ಚಿ ಹಾಕುವಂಥದ್ದು. ಹೆಚ್ಚಿನವುಗಳಲ್ಲಿ ನೀರು ಹೊರಹೋಗಲು ಪಂಪಿನ ಬದಲು ತಳದಲ್ಲಿ ದೊಡ್ಡ ವಾಲ್ವ್ ಇರುತ್ತದೆ. ಅದು ತೆರೆದರೆ ನೀರು ಒಂದೇ ಸಲಕ್ಕೆ ಬಿದ್ದುಹೋಗುತ್ತದೆ. ಅತಿಥಿಗಳ ಜೇಬಿನ ನಾಣ್ಯ, ಹೇರ್‌ಪಿನ್ನು ಪಂಪಿಗೆ ಸಿಕ್ಕಿಕೊಳ್ಳುವ ಗೋಳಿಲ್ಲ. ಮನೆಯ ಮೆಷಿನ್ ಒಂದೂವರೆ ಎರಡು ಗಂಟೆ ಎಳೆಯುವುದನ್ನು ಅದು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತದೆ.

ವಾರಂಟಿ ಕಾರ್ಡಿನ ಸಣ್ಣಕ್ಷರಗಳನ್ನೂ ಓದಿಕೊಳ್ಳಿ. ಮನೆಬಳಕೆಯ ಮೆಷಿನ್ನನ್ನು ವ್ಯಾಪಾರಕ್ಕೆ ಬಳಸಿದರೆ ವಾರಂಟಿ ಸಿಗದೆಂದು ಹೆಚ್ಚಿನ ಕಂಪನಿಗಳು ಬರೆದಿರುತ್ತವೆ. ಹೋಂಸ್ಟೇ ಎಂದರೆ ಮನೆಯೋ ವ್ಯಾಪಾರವೋ ಎಂದು ನೀವು ಮೆಕ್ಯಾನಿಕ್ ಜೊತೆ ವಾದಿಸಬಹುದು. ಆದರೆ ಎದುರಿಗೆ ನಲವತ್ತು ಟವೆಲ್ ಗುಡ್ಡೆ ಬಿದ್ದಿರುವಾಗ ಆ ವಾದ ನಿಲ್ಲುವುದು ಕಷ್ಟ.

ಇವೆರಡರ ನಡುವೆ ಮೂರನೆಯದೊಂದು ಜಾತಿ ಇದೆ, ನಮ್ಮ ಕಡೆ ಕೇಳುವವರು ಕಡಿಮೆ. ಹೊರಗಿನಿಂದ ಮನೆಯ ಮೆಷಿನ್ನಿಗಿಂತ ತುಸುವೇ ದಪ್ಪ, ಒಳಗೆ ಕಮರ್ಷಿಯಲ್ ಅಂಗಾಂಗ, ಹತ್ತು ಕೆಜಿ ಸುತ್ತಮುತ್ತಲಿನ ಸಾಮರ್ಥ್ಯ, ಅದೇ ಗಾತ್ರದ ಡ್ರೈಯರನ್ನು ತಲೆಯ ಮೇಲೆ ಕೂರಿಸಬಹುದಾದಂಥದ್ದು. ಜರ್ಮನಿಯ ಮೀಲೆ, ಅಮೆರಿಕದ ಸ್ಪೀಡ್ ಕ್ವೀನ್, ಕೊರಿಯಾದ ಎಲ್‌ಜಿ ಇಂಥವನ್ನು ಮಾಡುತ್ತವೆ. ಅಮೆರಿಕದಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಗಳಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಗಳಲ್ಲಿ ಸಾಲಾಗಿ ನಿಂತಿರುವುದು ಈ ಜಾತಿಯವೇ. ಗೃಹೋಪಯೋಗಿ ಮೆಷಿನ್ನಿಗೆ ಹೆಸರಾದ ನಮ್ಮ ಐಎಫ್‌ಬಿ ಕೂಡ ಕೈಗಾರಿಕಾ ಲಾಂಡ್ರಿ ಮೆಷಿನ್ ತಯಾರಿಸುತ್ತದೆ. ಆದ್ದರಿಂದ ಷೋರೂಮಿನಲ್ಲಿ ಮಾತು ಮುಗಿಸದೆ, ಕಂಪನಿಯ ಲಾಂಡ್ರಿ ವಿಭಾಗಕ್ಕೇ ಫೋನ್ ಮಾಡಿ ಕೇಳುವುದು ಲೇಸು. ಜೊತೆಗೆ, ರಿಪೇರಿಗೆ ಬರುವವರು ಎಲ್ಲಿಂದ ಬರುತ್ತಾರೆ ಎಂದೂ ಕೇಳಿ. ಬೆಂಗಳೂರಿನಿಂದ ಬರಬೇಕಾದರೆ, ಅದೂ ಘಾಟಿಯಲ್ಲಿ ಮರ ಬಿದ್ದ ವಾರ, ಮೆಷಿನ್ ಎಷ್ಟೇ ಒಳ್ಳೆಯದಾದರೂ ಹತ್ತು ದಿನ ಸುಮ್ಮನೆ ನಿಂತಿರುತ್ತದೆ.

ಕರೆಂಟಿನ ಮಾತು ಬಂದರೆ ಮಲೆನಾಡಿಗರು ನಿಟ್ಟುಸಿರು ಬಿಡುತ್ತಾರೆ. ಮೆಸ್ಕಾಂನ ಲೈನ್‌ಮನ್‌ಗಳು ಮಳೆಯಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಕಂಬ ಹತ್ತುತ್ತಾರೆ ನಿಜ. ಆದರೆ ಕಾಡಿನ ನಡುವೆ ಹಾದ ತಂತಿಯ ಮೇಲೆ ದಿನಕ್ಕೊಂದು ಮರ ಬಿದ್ದರೆ ಅವರಾದರೂ ಏನು ಮಾಡಿಯಾರು? ಮನೆಬಳಕೆಯ ಸಾಮಾನ್ಯ ಡ್ರೈಯರ್ 2 ಕಿಲೋವ್ಯಾಟ್ ಆಸುಪಾಸು ಎಳೆಯುತ್ತದೆ, ಸಿಂಗಲ್ ಫೇಸ್ ಸಾಕು. ಹದಿನೈದು ಕೆಜಿಯ ಕಮರ್ಷಿಯಲ್ ಡ್ರೈಯರ್ ವಿದ್ಯುತ್ತಿನದಾದರೆ ಅದಕ್ಕೆ 15ರಿಂದ 20 ಕಿಲೋವ್ಯಾಟ್, ತ್ರೀ ಫೇಸ್, ಹೆಚ್ಚುವರಿ ಲೋಡ್ ಮಂಜೂರಾತಿ ಬೇಕು. ಪಲ್ಪರ್‌ಗೆ, ಪಂಪಿಗೆ ಎಂದು ತೋಟದಲ್ಲಿ ತ್ರೀ ಫೇಸ್ ಇದ್ದೇ ಇದೆಯಲ್ಲ ಎಂದು ಪಂಪ್‌ಸೆಟ್ ಮೀಟರಿನಿಂದ ವಯರ್ ಎಳೆಯುವ ಜಾಣರಿದ್ದಾರೆ. ಅದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ದಂಡ ಮೆಷಿನ್ನಿಗಿಂತ ದುಬಾರಿಯಾದೀತು. ಅದರ ಬದಲು ಗ್ಯಾಸ್ ಡ್ರೈಯರ್ ಇದೆ. ಕಮರ್ಷಿಯಲ್ 19 ಕೆಜಿ ಸಿಲಿಂಡರಿನಿಂದ ನಡೆಯುತ್ತದೆ, ಡ್ರಮ್ ತಿರುಗಿಸಲು ಮಾತ್ರ ಕರೆಂಟು. ನಮ್ಮ 18 ಕೆಜಿ ಬಟ್ಟೆಗೆ, ಚೆನ್ನಾಗಿ ಹಿಂಡಿದ್ದರೆ ಒಂದು ಕೆಜಿ ಗ್ಯಾಸ್ ಸಾಕು, ಹಿಂಡದಿದ್ದರೆ ಒಂದೂವರೆ ದಾಟುತ್ತದೆ.

ಸಣ್ಣ ಹೋಂಸ್ಟೇಗೆ ನನ್ನ ಓಟು ಮನೆಬಳಕೆಯ ಹೀಟ್ ಪಂಪ್ ಡ್ರೈಯರಿಗೆ. ಅದು ಹೊರಗಿನ ಗಾಳಿಯನ್ನು ನಂಬುವುದೇ ಇಲ್ಲ. ಒಳಗಿನ ಗಾಳಿಯನ್ನೇ ಒಂದು ಕಡೆ ತಂಪು ಮಾಡಿ ನೀರು ಇಳಿಸಿಕೊಂಡು, ಇನ್ನೊಂದು ಕಡೆ ಬಿಸಿ ಮಾಡಿ ಮತ್ತೆ ಬಟ್ಟೆಯ ಮೇಲೆ ಹಾಯಿಸುತ್ತದೆ. ಕರೆಂಟು ಸಾಮಾನ್ಯ ಡ್ರೈಯರಿನ ಅರ್ಧ ಸಾಕು. ಒಂದು ಕಿಲೋವ್ಯಾಟಿನೊಳಗೇ ಓಡುವುದರಿಂದ ಸಣ್ಣ ಜನರೇಟರೂ ಅದನ್ನು ಎಳೆದೀತು. ಬೆಲೆ ಹೆಚ್ಚು, ಹೊತ್ತು ಕೂಡ ಜಾಸ್ತಿ ತೆಗೆದುಕೊಳ್ಳುತ್ತದೆ. ಕೊಳವೆಯಿಂದ ಗಾಳಿ ಹೊರಬಿಡುವ ಅಗ್ಗದ ಬಗೆಯದನ್ನು ತಂದರೆ ಆ ಕೊಳವೆಯನ್ನು ಗೋಡೆಯಾಚೆ ಹಾಕಲೇಬೇಕು. ಕೋಣೆಯೊಳಗೇ ಬಿಟ್ಟರೆ ಬಟ್ಟೆಯಿಂದ ಹೋದ ನೀರು ಗೋಡೆಗೆ ಬೂಷ್ಟಾಗಿ ಮರಳುತ್ತದೆ. ಯಾವುದೇ ಡ್ರೈಯರಾಗಲಿ, ಪ್ರತಿ ಲೋಡಿಗೂ ಜಾಲರಿಯ ಜುಂಗು ತೆಗೆಯಿರಿ. ಎಣ್ಣೆಸ್ನಾನ ಮಾಡಿದವರ ಟವೆಲನ್ನು ಡ್ರೈಯರಿಂದ ತೆಗೆದು ಬಿಸಿಬಿಸಿಯಾಗಿ ಗಂಟು ಕಟ್ಟಿಡಬೇಡಿ. ಒಗೆದರೂ ಉಳಿದ ಎಣ್ಣೆ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಂಡ ಉದಾಹರಣೆಗಳು ಪ್ರಪಂಚದ ಎಲ್ಲ ಕಡೆಯ ಲಾಂಡ್ರಿಗಳಲ್ಲಿವೆ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತರು, ಅರ್ಧ. ಹಳ್ಳದ ನೀರು ಮೆದು, ಸೋಪು ಕಡಿಮೆ ಸಾಕು. ಬಯಲುಸೀಮೆಯ ಅಳತೆಯಲ್ಲಿ ಪುಡಿ ಹಾಕಿದರೆ ಫ್ರಂಟ್‌ಲೋಡ್ ನೊರೆ ಕಕ್ಕುತ್ತದೆ. ಗುಡ್ಡದ ಮೇಲಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರಾದರೆ ಎತ್ತರ ನೋಡಿಕೊಳ್ಳಬೇಕು. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ. ಹೆಚ್ಚಿನ ಫ್ರಂಟ್‌ಲೋಡುಗಳಿಗೆ ಮೂರರಿಂದ ಐದು ಮೀಟರಾದರೂ ಮೇಲೆ ತೊಟ್ಟಿ ಇರಬೇಕು. ಮಳೆಗಾಲದ ಕೆಂಪುನೀರಿಗೆ, ಬೋರ್‌ವೆಲ್ಲಿನ ಕಬ್ಬಿಣಾಂಶಕ್ಕೆ ಬಿಳಿ ಶೀಟು ಹಳದಿಯಾಗುತ್ತದೆ. ಬೆಳ್ಳಗಾಗಲೆಂದು ಬ್ಲೀಚ್ ಹಾಕಿದರೆ ಕಬ್ಬಿಣ ಇನ್ನಷ್ಟು ತುಕ್ಕಾಗಿ ಕೂರುತ್ತದೆ. ಅದಕ್ಕೆ ನಿಂಬೆ ಉಪ್ಪು, ಎಂದರೆ ಸಿಟ್ರಿಕ್ ಆಮ್ಲ, ಕೆಲಸ ಮಾಡುತ್ತದೆ.

ಕಲೆಗಳಲ್ಲಿ ಇಂಬಳದ್ದು ಮಲೆನಾಡಿನ ವಿಶೇಷ. ಟ್ರೆಕ್ಕಿಂಗ್ ಮುಗಿಸಿ ಬಂದವರ ಕಾಲಿಂದ ಇಂಬಳ ಬಿದ್ದುಹೋದರೂ ಅದು ಸೇರಿಸಿದ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಬೆಳಗ್ಗೆ ನೋಡಿದರೆ ಶೀಟಿನ ಕಾಲುಭಾಗದಲ್ಲಿ ಕೊಲೆಯಾದಂತೆ ರಕ್ತ. ಗಾಬರಿಯಲ್ಲಿ 60 ಡಿಗ್ರಿಯ ಬಿಸಿನೀರಿಗೆ ಹಾಕಿದರೆ ಪ್ರೋಟೀನು ಬೆಂದು ದಾರಕ್ಕೆ ಅಂಟುತ್ತದೆ. ಮೊದಲು ತಣ್ಣೀರಲ್ಲಿ ನೆನೆಸಿ ಉಜ್ಜಿ, ಆಮೇಲೆ ಬಿಸಿ. ಅರಿಸಿನದ್ದು ಇನ್ನೊಂದು ಆಟ. ಕೋಳಿಸಾರಿನ ಹಳದಿ ಕಲೆ ಸೋಪು ತಾಕಿದೊಡನೆ ಕೆಂಪಾಗುತ್ತದೆ, ಸುಣ್ಣ ಸೇರಿದ ಅರಿಸಿನ ಕುಂಕುಮವಾಗುವ ಹಾಗೆ. ಅದನ್ನು ಸುಲಭವಾಗಿ ಅಳಿಸುವುದು ಬಿಸಿಲು. ಬಿಸಿಲೋ, ಮಘಾ ಮಳೆ ಕಳೆದ ಮೇಲೆ ನೋಡಿದರಾಯಿತು. ಆದ್ದರಿಂದ ಮಳೆಗಾಲಕ್ಕೆ ಊಟದ ಮೇಜಿನ ಬಟ್ಟೆ ಬಿಳಿಯದು ಬೇಡವೇ ಬೇಡ.

ಎಲ್ಲಕ್ಕಿಂತ ಅಗ್ಗದ ಲಾಂಡ್ರಿ ಉಪಕರಣ ಯಾವುದೆಂದರೆ ಇನ್ನೊಂದು ಸೆಟ್ ಬೆಡ್‌ಶೀಟ್. ಹೋಟೆಲಿನವರು ಹಾಸಿಗೆಗೆ ಮೂರು ಸೆಟ್ ಇಡುತ್ತಾರೆ. ಹಾಸಿಗೆಯ ಮೇಲೊಂದು, ಒಗೆಯಲೊಂದು, ಕಪಾಟಿನಲ್ಲೊಂದು. ಕಳಸದಂಥ ಕಡೆ ಮಳೆಗಾಲಕ್ಕೆ ನಾಲ್ಕು ಇಟ್ಟುಕೊಂಡರೆ ಭಾನುವಾರದ ಗುಡ್ಡೆಯನ್ನು ಗುರುವಾರದವರೆಗೆ ಹಂಚಿಕೊಳ್ಳಬಹುದು. ದಿನಕ್ಕೊಂದು ಲೋಡ್ ಎಂಬ ಮನೆಯ ಮೆಷಿನ್ನಿನ ಲೆಕ್ಕ ಆಗ ಸರಿಹೋಗುತ್ತದೆ. ಶುದ್ಧ ಹತ್ತಿಯ ಬದಲು ಪಾಲಿಯೆಸ್ಟರ್ ಬೆರೆತದ್ದು ಕೊಂಡರೆ ನೀರು ಹಿಡಿಯುವುದೂ ಕಡಿಮೆ. ಅತಿಥಿಗಳು ಹತ್ತಿಯನ್ನೇ ಕೇಳುತ್ತಾರೆಂದು ಹೇಳುವವರಿದ್ದಾರೆ. ಜುಲೈಯಲ್ಲಿ ಅವರು ಕೇಳುವುದು ಒಣ ಶೀಟನ್ನು.

ಹಾಗಾಗಿ ಐದಾರು ಕೋಣೆಯವರೆಗೆ ನನ್ನ ಸಲಹೆ: ಎಂಟು ಕೆಜಿಯ ಮನೆಬಳಕೆಯ ಫ್ರಂಟ್‌ಲೋಡ್ ಎರಡು, ಹೀಟ್ ಪಂಪ್ ಡ್ರೈಯರ್ ಒಂದು, ಕೈಗೂಡಿದರೆ ಎರಡು, ಸ್ಟೆಬಿಲೈಸರ್, ಮತ್ತು ಕಪಾಟಿನಲ್ಲಿ ನಾಲ್ಕನೇ ಸೆಟ್. ಎಂಟು ಕೆಜಿ ಎಂದು ಬರೆದಿದ್ದರೂ ದೊಡ್ಡ ಶೀಟುಗಳನ್ನು ಐದಾರು ಕೆಜಿಗಿಂತ ಹೆಚ್ಚು ತುರುಕಬೇಡಿ. ಒಂದೇ ದೊಡ್ಡ ಮೆಷಿನ್ನಿಗಿಂತ ಎರಡು ಸಣ್ಣವು ಮೇಲು, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ತಳಕ್ಕೆ ಕಬ್ಬಿಣದ ಜಾಲರಿ ಹಾಕಿಸಿ. ಮಳೆಗೆ ಬೆಚ್ಚನೆ ಜಾಗ ಹುಡುಕುವ ಇಲಿಗೆ ಮೆಷಿನ್ನಿನ ವಯರ್ ಬಹಳ ಇಷ್ಟ. ಹತ್ತು ಕೋಣೆ ದಾಟಿತೆಂದರೆ, ವಾರದ ಎಲ್ಲ ದಿನ ಬುಕಿಂಗ್ ಇದೆಯೆಂದರೆ, ಆಗ ಕಮರ್ಷಿಯಲ್. ಅದರಲ್ಲೂ ಹಿಂಡುವ ಬಲವನ್ನು ಕೊಟೇಶನ್ನಿನಲ್ಲಿ ಬರೆಸಿಕೊಂಡು.

ಊರಿನ ಲಾಂಡ್ರಿಗೆ ಕೊಡುವ ದಾರಿ ಮೂಡಿಗೆರೆಯವರಿಗೆ ಇದೆ, ಚಿಕ್ಕಮಗಳೂರು 30 ಕಿಲೋಮೀಟರ್. ಕಳಸದಿಂದ ಅದು 90ರ ಆಸುಪಾಸು, ಬಟ್ಟೆಗಿಂತ ಡೀಸೆಲ್ಲಿಗೆ ಖರ್ಚು ಜಾಸ್ತಿ. ಆದರೆ ಅಕ್ಕಪಕ್ಕದ ಆರು ಹೋಂಸ್ಟೇ ಸೇರಿದರೆ ಭಾನುವಾರದ ಲೆಕ್ಕ 108 ಕೆಜಿ. ಹದಿನೈದು ಕೆಜಿಯ ಮೆಷಿನ್ ಒಂದು, ಗ್ಯಾಸ್ ಡ್ರೈಯರ್ ಎರಡು, ಹಿಡಿಸುವ ಶೆಡ್ಡು, ಎಂಟು ಲೋಡ್, ಒಂದು ಇಡೀ ದಿನದ ಕೆಲಸ. ಕಮರ್ಷಿಯಲ್ ಮೆಷಿನ್ನಿಗೆ ಈ ಬೆಟ್ಟಗಳಲ್ಲಿ ನಿಜವಾದ ಜಾಗ ಇರುವುದು ಇಲ್ಲಿ. ಊರಿನ ಸ್ತ್ರೀಶಕ್ತಿ ಸಂಘವೊಂದು ಕೈಹಾಕಿದರೆ ಸೀಸನ್ ಪೂರ್ತಿ ದುಡಿಮೆ. ಒಗೆದ ನೀರನ್ನು ಮಾತ್ರ ಹಳ್ಳಕ್ಕೆ ಬಿಡದೆ, ಶೌಚದ ಗುಂಡಿಗೂ ಸೇರಿಸದೆ, ಬೇರೆ ಇಂಗುಗುಂಡಿಗೆ ಹಾಯಿಸಬೇಕು. ಹೇಮಾವತಿ ಹುಟ್ಟುವುದು ಇದೇ ಮೂಡಿಗೆರೆ ಸೀಮೆಯಲ್ಲಿ, ಭದ್ರೆ ಹರಿಯುವುದು ಕಳಸದ ಪಕ್ಕದಲ್ಲಿ. ಇನ್ನು ಆರು ಮನೆಯ ಬಿಳಿ ಶೀಟು ಒಂದೇ ಡ್ರಮ್ಮಿಗೆ ಬಿದ್ದರೆ ಯಾರದು ಯಾವುದು? ಹಿಂದೆ ಮಡಿವಾಳರು ಕರಿಗೇರು ಬೀಜದ ರಸದಿಂದ ಬಟ್ಟೆಯ ಮೂಲೆಗೆ ಚುಕ್ಕೆ ಇಡುತ್ತಿದ್ದರು, ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ. ಈಗ ಮೂಲೆಯಲ್ಲಿ ಮನೆಗೊಂದು ಬಣ್ಣದ ದಾರದ ಹೊಲಿಗೆ ಹಾಕಿಸಿದರೆ ಸಾಕು.